ಭರಮಪ್ಪ ‘ಹೂಂ’ ಅಂದದ್ದಕ್ಕೆ ನಿಂತ ಕಂಪ್ಯೂಟರ್

ಬೆಳಗಿನ ಆರಕ್ಕೇ ಬೈಲಹೊಂಗಲದ ಈ ಸಣ್ಣ ಕಣ್ಣಾಸ್ಪತ್ರೆಯ ಮುಂದೆ ಜನ ಪಾಳಿ ಹಚ್ಚಿದ್ದಾರೆ. ಒಳಗೆ ಭರಮಪ್ಪ ಕಂಪ್ಯೂಟರಿನ ಮುಂದೆ ಬೆವರುತ್ತಿದ್ದಾರೆ; ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿದ್ದೇನೆ. ದಸರೆ ರಜೆ ಮುಗಿದ ಮೊದಲ ದಿನ. ರೋಗಿಗಳ ದಾಖಲೆ ತೋರಿಸುವ ಸರ್ವೀಸ್ ಶುರುವಾಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ. ಮೂರು ಸಲ ಚಾಲೂ ಮಾಡಿದರೂ ಅದೇ ಹಾಡು.

ಹೊರಗೆ ಮನೋಳಿಯ ಕಾಡವ್ವ ಕಾಯುತ್ತಿದ್ದಾಳೆ. ಇವತ್ತು ಆಕೆಯ ಪೊರೆಯ ಆಪರೇಷನ್. ಯಾವ ನಂಬರಿನ ಲೆನ್ಸ್ ಕೂರಿಸಬೇಕೆಂಬ ಅಳತೆ ಇರುವುದು ಈ ಕಂಪ್ಯೂಟರಿನಲ್ಲಿ ಮಾತ್ರ. ಅಳೆಯುವ ಯಂತ್ರ ಧಾರವಾಡದಿಂದ ಬರುವುದು ತಿಂಗಳಿಗೊಮ್ಮೆ. ದಾಖಲೆ ಸಿಗದಿದ್ದರೆ ಮುದುಕಿ ಇನ್ನೊಂದು ತಿಂಗಳು ಗೋಡೆ ಹಿಡಿದೇ ನಡೆಯಬೇಕು.

ಹನ್ನೊಂದು ವರ್ಷದ ಹಿಂದೆ, ೧೯೯೬ರಲ್ಲಿ, ಭರಮಪ್ಪ ರಿಜಿಸ್ಟರ್ ಬರೆಯಲು ಸೇರಿದವರು. ಲಿನಕ್ಸ್ ಕಂಪ್ಯೂಟರ್ ಬಂದಾಗ ಹುಬ್ಬಳ್ಳಿಯವರೊಬ್ಬರು ಎರಡು ದಿನ ಕಲಿಸಿ ಹೋದರು. ಮಿಕ್ಕದ್ದನ್ನು ಇವರೇ ತಪ್ಪು ಮಾಡಿ, ಬೈಸಿಕೊಂಡು ಕಲಿತರು. ಸವದತ್ತಿ, ರಾಮದುರ್ಗ, ಕಿತ್ತೂರಿನ ಕಡೆಯಿಂದ ದಿನಕ್ಕೆ ತೊಂಬತ್ತು ಜನ ಬರುತ್ತಾರೆ. ಭರಮಪ್ಪನವರ ಹೆಸರು ಮಾತ್ರ ಆಸ್ಪತ್ರೆಯ ಯಾವ ಬೋರ್ಡಿನಲ್ಲೂ ಇಲ್ಲ, ನೋಡಿ!

ಆಯುಧಪೂಜೆಯ ಖಂಡೇನವಮಿಯಂದು ಕಂಪ್ಯೂಟರಿಗೆ ಪೂಜೆ ಮಾಡಿ, ಒಳ್ಳೆಯ ದಿನವೆಂದು ಅದರ ಪ್ರೋಗ್ರಾಮುಗಳನ್ನು ಇವರೇ ಅಪ್‌ಗ್ರೇಡ್ ಮಾಡಿದ್ದರು. ಹಳೆಯ ಸೆಟ್ಟಿಂಗ್ ಫೈಲ್ ತೆಗೆದು ಹೊಸದು ಹಾಕಲೇ ಎಂದು ಅದು ಕೇಳಿತ್ತು.

“ಹಬ್ಬದ ದಿನ ಹೂವ ಏರಿಸಿದ ಮಷೀನಿಗೆ ಒಲ್ಲೆ ಅನ್ನಾಕ ಮನಸ ಬರಲಿಲ್ರಿ. ಕೇಳಿದ್ದಕ್ಕೆಲ್ಲ ಹೂಂ ಅಂದ್ನಿ.”

ಈಗ ಭರಮಪ್ಪ, ಯಂತ್ರ ತಾನೇ ಬರೆದಿಟ್ಟ ಲಾಗ್ ಫೈಲನ್ನು ಸಾಲುಸಾಲಾಗಿ ಓದುತ್ತಾರೆ. ದಾಖಲೆಗಳ ಜಾಗವೇ ಸಿಗುತ್ತಿಲ್ಲವೆಂದು ಅಲ್ಲಿದೆ. ಅವನ್ನು ಹಿಂದೆಯೇ ಎರಡನೇ ಡಿಸ್ಕಿಗೆ ಸಾಗಿಸಿದ್ದು ಹಳೆಯ ಫೈಲಿನಲ್ಲಿ ಬರೆದಿತ್ತು, ಹೊಸದಕ್ಕೆ ಯಾರು ಹೇಳಬೇಕು? ಪುಣ್ಯಕ್ಕೆ ಅಪ್‌ಗ್ರೇಡ್ ಹಳೆಯದನ್ನು ಅಳಿಸದೆ ಪಕ್ಕಕ್ಕಿಟ್ಟಿದೆ. ಅದರಿಂದ ಆ ಒಂದು ಸಾಲನ್ನು ಹೊಸದಕ್ಕೆ ಸೇರಿಸಿ, ಸರ್ವೀಸನ್ನು ಮತ್ತೆ ಚಾಲೂ ಮಾಡುತ್ತಾರೆ.

ಈ ಸಲ ನಿಲ್ಲುವುದಿಲ್ಲ. ಕಾಡವ್ವನ ಹೆಸರು ಬರುತ್ತದೆ, ಎದುರಿಗೆ ಅಳತೆ. ಅಬ್ಬಾ, ಸುಮ್ಮನೆ ನೋಡುತ್ತ ನಿಂತಿದ್ದ ನನಗೂ ಹೋದ ಜೀವ ಬಂದಂತಾಯಿತು. ಭರಮಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ, ತಡವಾದದ್ದು ತಮ್ಮ ತಪ್ಪಿನಿಂದಲೇ ಎಂದು ಪಾಳಿಯವರಿಗೆಲ್ಲ ಹೇಳಿದರು. ಡಾಕ್ಟರಿಗೂ ಹೇಳಿದರು. ಹತ್ತು ಗಂಟೆಗೆ ಕಾಡವ್ವನನ್ನು ಒಳಗೆ ಕರೆದರು.

ಮರುದಿನ ಆಕೆಯ ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ನಾನೂ ಅಲ್ಲಿದ್ದೇನೆ. ಔಷಧದ ಚೀಟಿ ಕೊಡಲು ಬಂದ ಭರಮಪ್ಪನವರನ್ನು ಕಾಡವ್ವ ಮೇಲಿಂದ ಕೆಳಗಿನವರೆಗೆ ನೋಡುತ್ತಾಳೆ.

“ತಮ್ಮಾ, ನೀ ಇಷ್ಟ ಸಣ್ಣಾಂವ ಅದಿ? ದನಿ ಕೇಳಿ ಮುದುಕ ಅಂದ್ಕೊಂಡಿದ್ನಿ.”

ಭರಮಪ್ಪ ನಗುತ್ತಾ ನನ್ನ ಕಡೆ ತಿರುಗುತ್ತಾರೆ. “ಇಲ್ಲಿ ಬಂದವ್ರು ನನ್ನ ಮಾರಿ ನೋಡೂದ ಹೋಗೂಮುಂದ್ರಿ.”