ಕ್ರಿಸ್ಮಸ್ಸಿನೊಳಗೊಂದು ಕೋಣೆ

ಉಡುಪಿಯನ್ನು ಮಹಾನಗರ ಎಂದರೆ ಬೊಂಬಾಯಿ ಕಂಡವರು ನಕ್ಕಾರು. ನಗಲಿ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಬಂದ ನನಗೆ ಅದಕ್ಕಿಂತ ದೊಡ್ಡ ಊರು ಬೇಕಿರಲಿಲ್ಲ. ನೀನು ಯಾರ ಮಗಳು ಎಂದು ಯಾರೂ ಕೇಳದ ಊರು ದೊಡ್ಡ ಊರೇ. ಕಾರ್ಕಳದ ಪೇಟೆಗೆ ಕಾಲಿಟ್ಟರೆ ಸಾಕು, ಅಪ್ಪನ ಆರೋಗ್ಯ ವಿಚಾರಿಸುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಜಾರಿ ಬಿದ್ದರೂ ನಾನೇ ಎದ್ದು ಸೀರೆ ಕೊಡವಿಕೊಳ್ಳಬೇಕು. ಮೊದಮೊದಲು ಅದು ಸುಖವೆನಿಸಿತು. ಡಿಸೆಂಬರ್ ಬರುವ ಹೊತ್ತಿಗೆ ಆ ಸುಖ ಸಾಕಾಗಿತ್ತು.

ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವಯರು ಚುಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ. ಬೆಳಗಿನ ಪಾಳಿಗೆ ಕಾರ್ಕಳದ ಮೊದಲ ಬಸ್ಸು ಹಿಡಿದರೂ ಮುಟ್ಟುವಂತಿರಲಿಲ್ಲ. ಹಾಗಾಗಿ ಮಣಿಪಾಲದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ತಾತ್ಕಾಲಿಕವಾಗಿ ಒಂದು ಮಂಚ ಕೊಟ್ಟಿದ್ದರು. ಕ್ರಿಸ್ಮಸ್ ರಜೆಗೆ ಹಾಸ್ಟೆಲು ಮುಚ್ಚುತ್ತದೆ, ಆಮೇಲೆ ಆ ಮಂಚ ಬೇರೆಯವರಿಗೆ ಎಂದು ಮೊದಲೇ ಹೇಳಿದ್ದರು.

ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಅವರು ಒಂದು ಷರತ್ತು ಹಾಕಿದ್ದರು. "ಕ್ರಿಸ್ಮಸ್ಸಿನೊಳಗೆ ಮರ್ಯಾದಸ್ಥರ ಮನೆಯಲ್ಲಿ, ನಿನ್ನ ಸಂಬಳಕ್ಕೆ ಸರಿಯಾಗಿ ಒಂದು ಕೋಣೆ ಹುಡುಕು. ಸಿಕ್ಕಿದರೆ ಕೆಲಸ ಮಾಡು. ಸಿಕ್ಕದಿದ್ದರೆ ಹಬ್ಬಕ್ಕೆ ಮನೆಗೆ ಬಾ. ಮತ್ತೆ ಹೋಗುವುದು ಬೇಡ." ಮನೆಯಲ್ಲಿ ನನಗಾಗಿ ಒಂದು ಸಂಬಂಧವೂ ಕಾದು ಕುಳಿತಿತ್ತು. ಹುಡುಗ ಒಳ್ಳೆಯವನಂತೆ, ಜಮೀನು ಉಂಟಂತೆ. ಇರಲಿ, ಯಾರು ಬೇಡವೆಂದರು? ನನಗೆ ನನ್ನ ಕೆಲಸ ಬೇಕಿತ್ತು. ಅಪ್ಪ ದಬಾಯಿಸುವವರಲ್ಲ, ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರೂ ಅಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. "ಹುಡುಕಿಯೇ ತೋರಿಸುತ್ತೇನೆ" ಎಂದು ಹೇಳಿ ಬಸ್ಸು ಹತ್ತಿದ್ದೆ.

ಡಿಸೆಂಬರ್ ಕೊನೆಯಲ್ಲಿ ಉಡುಪಿಯಲ್ಲಿ ಕೋಣೆ ಹುಡುಕುವಂಥ ಹುಚ್ಚು ಇನ್ನೊಂದಿಲ್ಲ. ಶಾಲೆಗಳಿಗೆಲ್ಲ ಕ್ರಿಸ್ಮಸ್ ರಜೆ. ಘಟ್ಟದ ಮೇಲಿನ ಊರುಗಳಿಂದ ಮಕ್ಕಳನ್ನು ತುಂಬಿಕೊಂಡು ಪ್ರವಾಸದ ಬಸ್ಸುಗಳು ಬರುತ್ತಿದ್ದವು. ಲಾಡ್ಜುಗಳ ವರಾಂಡದ ತುಂಬ ಒಣಹಾಕಿದ ಚಡ್ಡಿ, ಅಂಗಿ, ಟವೆಲು. ಮನೆ ಸಿಗುವವರೆಗಾದರೂ ಇರಲೆಂದು ಹೋದ ಒಂದು ಲಾಡ್ಜಿನಲ್ಲಿ ಕೋಣೆ ಖಾಲಿ ಇತ್ತು, ನನಗೆ ಮಾತ್ರ ಇರಲಿಲ್ಲ. "ಒಬ್ಬಳೇ ಹುಡುಗಿಗೆ ರೂಮ್ ಕೊಡುವ ಕ್ರಮ ಇಲ್ಲ. ಜೊತೆಗೆ ಗಂಡಸರು ಯಾರುಂಟು?" ಎಂದು ಮ್ಯಾನೇಜರು ಕೇಳಿದ.

"ಗಂಡಸರಿದ್ದರೆ ಅವರನ್ನೇ ಕಳಿಸುತ್ತಿದ್ದೆ, ನಾನು ಯಾಕೆ ಬರುತ್ತಿದ್ದೆ?" ಎಂದೆ. ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

ಇನ್ನುಳಿದದ್ದು ನಮ್ಮವರ ಮನೆಗಳು. ಭಾನುವಾರದ ಪೂಜೆಗೆ ಇಗರ್ಜಿಯಲ್ಲಿ ಮುಖ ನೋಡಿ ಗೊತ್ತಿದ್ದ ಕೊಂಕಣಿ ಕ್ರೈಸ್ತರ ಮನೆಗಳಿಗೆ ಪಾಳಿ ಮುಗಿಸಿಕೊಂಡು ಹೋಗತೊಡಗಿದೆ. ಆದರೆ ಅದು ಕುಸ್ವಾರ್ ಮಾಡುವ ವಾರ. ಹಬ್ಬದ ತಿಂಡಿಗಳಿಗೆಲ್ಲ ಸೇರಿ ನಮ್ಮಲ್ಲಿ ಕುಸ್ವಾರ್ ಎನ್ನುತ್ತಾರೆ. ಆ ವಾರ ಯಾರೇ ಬಾಗಿಲಿಗೆ ಬರಲಿ, ಬಂದವರು ಕೈ ತೊಳೆದು ಕಿಡಿಯೊ ಮಾಡಲು ಕೂರಲೇಬೇಕು. ಮೈದಾ ಹಿಟ್ಟಿನ ಪುಟ್ಟ ಪುಟ್ಟ ಉಂಡೆಗಳನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತುವ ಕೆಲಸ ಅದು. ಎಷ್ಟು ಕೈ ಇದ್ದರೂ ಸಾಲದು. ನಾನು ಬಾಯಿ ಬಿಡುವ ಮೊದಲೇ ಮನೆಯಾಕೆ "ಒಳ್ಳೆಯ ಹೊತ್ತಿಗೆ ಬಂದೆ ನೋಡು" ಎಂದು ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದರು. ಒಂದು ದೊಡ್ಡ ಮುದ್ದೆಯಷ್ಟು ಹಿಟ್ಟು ಮುಗಿದ ಮೇಲೆ, ಕಾಫಿಯೂ ಆದ ಮೇಲೆ, ನಾನು ಕೋಣೆಯ ಮಾತೆತ್ತಬೇಕು. "ಅಯ್ಯೊ ಬಾಯೆ, ಬೊಂಬಾಯಿಯಿಂದ ಎಲ್ಲ ಬರುತ್ತಿದ್ದಾರಲ್ಲ! ನಾವೇ ಅಡಿಗೆಮನೆಯಲ್ಲಿ ಮಲಗುವುದು. ಹೊಸ ವರ್ಷ ಕಳೆಯಲಿ, ನೋಡುವ." ಹೊಸ ವರ್ಷ ಕಳೆದ ಮೇಲೆ ನನಗೆ ಕೋಣೆ ಯಾಕೆ?

ಕಾಪುವಿನಲ್ಲಿದ್ದ ಅಮ್ಮನ ದೂರದ ನೆಂಟರ ಮನೆಗೂ ಹೋದೆ. ಅಲ್ಲಿಯೂ ಅದೇ ಚಾಪೆ, ಅದೇ ಬಾಚಣಿಗೆ, ಅದೇ ಬೊಂಬಾಯಿ. ಅಷ್ಟು ಹೊತ್ತಿಗೆ ನನ್ನ ಕೈ ಎಷ್ಟು ಪಳಗಿತ್ತೆಂದರೆ ಮನೆಯಾಕೆ ನನ್ನ ಸುರುಳಿಗಳನ್ನು ತಮ್ಮ ಸೊಸೆಗೆ ತೋರಿಸಿ ಹೊಗಳಿದರು. ಬಸ್ಸಿಗೆ ಕಾಯುತ್ತಾ ನಿಂತಾಗ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಆ ವರ್ಷ ನಾನು ಊರಿನವರಿಗೆಲ್ಲ ಕಿಡಿಯೊ ಸುತ್ತಿಕೊಟ್ಟಿದ್ದೆ; ಕುಕ್ಕುಂದೂರಿನಲ್ಲಿ ಅಮ್ಮ ಒಬ್ಬಳೇ ಕುಳಿತು ಸುತ್ತುತ್ತಿದ್ದಳು.

ಎಕ್ಸ್‌ಚೇಂಜಿನಲ್ಲಿ ಆ ದಿನಗಳಲ್ಲಿ ಪರವೂರಿನ ಟ್ರಂಕ್ ಕಾಲುಗಳ ಹಾವಳಿ. ಬೊಂಬಾಯಿ ಲೈನು ಸಿಕ್ಕಿದ ಕೂಡಲೇ ಎರಡೂ ಕಡೆಯವರು ಒಟ್ಟಿಗೇ ಕಿರುಚುವುದು. ಯಾವ ರೈಲು, ಯಾವ ಬಸ್ಸು, ಸ್ಟೇಷನ್ನಿಗೆ ಯಾರು ಬರುತ್ತಾರೆ, ಮಗುವಿಗೆ ಹಲ್ಲು ಬಂತಾ. ಲೈನು ಸರಿಯುಂಟೋ ಎಂದು ನೋಡುವಷ್ಟು ಹೊತ್ತು ನಾವು ಕೇಳಲೇಬೇಕು. ಆಮೇಲೆ ಕೇಳಬಾರದು. ನಾನು ಒಂದೊಂದು ಸಲ ಸ್ವಲ್ಪ ಹೆಚ್ಚೇ ಕೇಳುತ್ತಿದ್ದೆ. ಎಲ್ಲರೂ ಎಲ್ಲಿಂದಲೋ ಮನೆಗೆ ಬರುತ್ತಿದ್ದರು. ನನಗೆ ಮನೆಗೆ ಹೋಗುವುದೆಂದರೆ ಸೋಲು.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ಆಪರೇಟರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಹಾಸ್ಟೆಲು ಮುಚ್ಚುವ ಹಿಂದಿನ ದಿನ ಅವರು ನನ್ನ ಮುಖ ನೋಡಿ ಕೇಳಿದರು, "ಎಂತ ಮಾರಾಯ್ತಿ, ಇನ್ನೂ ಆಗಲಿಲ್ವಾ?"

"ಇಲ್ಲ ಅಕ್ಕ."

"ನಮ್ಮ ಸಂಬಂಧದ ಒಬ್ಬರು ಅಜ್ಜಿ ಇದ್ದಾರೆ, ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ. ಹೊರಬದಿಯ ಕೋಣೆ ಉಂಟು, ಬಾಡಿಗೆಯೂ ಕಡಿಮೆ. ಆದರೆ ಭಾರೀ ಮಡಿ. ಅಲ್ಲಿ ಯಾರೂ ನಿಲ್ಲುವುದಿಲ್ಲ."

"ನಾನು ನಿಲ್ಲುತ್ತೇನೆ" ಎಂದೆ, ಕೋಣೆ ನೋಡುವ ಮೊದಲೇ.

ಅಜ್ಜಿ ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದ ವಿಧವೆ. ಅಂಗಳದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಅಕ್ಕ ಎಲ್ಲವನ್ನೂ ಮೊದಲೇ ಹೇಳಿದ್ದರಿಂದ ಜಾತಿ ಕೇಳುವ ಕೆಲಸ ಉಳಿದಿರಲಿಲ್ಲ. "ಮೀನು ತಿನ್ನುತ್ತೀಯಾ?" ಎಂದು ಮಾತ್ರ ಕೇಳಿದರು.

"ಇಲ್ಲಿ ತಿನ್ನುವುದಿಲ್ಲ."

ಉತ್ತರ ಅವರಿಗೆ ಹಿಡಿಸಿತೋ ಇಲ್ಲವೋ, ಕ್ರಮಗಳನ್ನೆಲ್ಲ ಹೇಳಿದರು. ಬಾವಿಯನ್ನು ಮುಟ್ಟಬಾರದು, ನೀರನ್ನು ಅವರೇ ಸೇದಿ ನನ್ನ ಕೊಡಕ್ಕೆ ಹೊಯ್ಯುತ್ತಾರೆ. ಜಗಲಿ ಹತ್ತಬಾರದು. ಗಂಡಸರು ಯಾರೂ ಗೇಟಿನಿಂದ ಒಳಗೆ ಬರಬಾರದು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಬೇರೆ ಸಮಯವಾಗಿದ್ದರೆ ಬಾವಿಯ ಮಾತು ಬಂದಲ್ಲಿಗೇ ತಿರುಗಿ ನಡೆಯುತ್ತಿದ್ದೆ. ಆ ದಿನ ನುಂಗಿಕೊಂಡೆ. ಟ್ರಂಕು ತಂದಿಟ್ಟು, ಕೋಣೆ ಸಿಕ್ಕಿತೆಂದು ಮನೆಗೆ ಕಾರ್ಡು ಬರೆದೆ. ಹೊಸಬಳಾದ್ದರಿಂದ ಹಬ್ಬದ ದಿನವೂ ಬೆಳಗಿನ ಪಾಳಿ ನನಗೇ ಬಿದ್ದಿತ್ತು. ಅದನ್ನೂ ಬರೆದೆ. ಗೆದ್ದ ಜಂಬ ಆ ಅಕ್ಷರಗಳಲ್ಲಿ ಕಂಡಿರಬೇಕು.

ಕ್ರಿಸ್ಮಸ್ಸಿನ ದಿನ ಪಾಳಿ ಮುಗಿಸಿ ಬಂದಾಗ ಗೇಟಿನ ಹೊರಗೆ ಅಪ್ಪ ನಿಂತಿದ್ದರು. ಹಬ್ಬದ ಕೋಟು, ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಹಬ್ಬದ ಊಟ ಬಿಟ್ಟು ಬಸ್ಸು ಹತ್ತಿದ್ದರು. ಎಷ್ಟು ಹೊತ್ತಿನಿಂದ ಬಿಸಿಲಿನಲ್ಲಿ ನಿಂತಿದ್ದರೋ, ಹೇಳಲಿಲ್ಲ. "ಅಮ್ಮ ಕುಸ್ವಾರ್ ಕೊಟ್ಟಿದ್ದಾಳೆ. ಕೋಣೆ ನೋಡಿ ಬಾ ಎಂದಿದ್ದಾಳೆ" ಎಂದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ ಎಂದು ಅಪ್ಪನಿಗೆ ಹೇಗೆ ಹೇಳುವುದು? ನಾನು ಗೇಟಿನ ಚಿಲಕ ಹಿಡಿದು ನಿಂತೆ. ನನ್ನ ಮನೆಗೆ ನನ್ನ ಅಪ್ಪನನ್ನು ಕರೆಯಲು ನನ್ನಿಂದಾಗಲಿಲ್ಲ.

ಒಳಗಿನಿಂದ ಅಜ್ಜಿಯೇ ಕೇಳಿದರು, "ತಂದೆಯಾ?"

"ಹೌದು."

"ಬರಲಿ. ತಂದೆ ಮಗಳ ಕೋಣೆ ನೋಡಬೇಡವಾ?"

ಅವರಾಗಿಯೇ ತಮ್ಮ ಕ್ರಮ ಮುರಿದರು, ನನಗೆ ಆಶ್ಚರ್ಯವಾಯಿತು. ಆದರೆ ಮುರಿದದ್ದು ಅಷ್ಟೇ. ಬೆಲ್ಲದ ತುಂಡನ್ನು ಬಾಳೆಲೆಯಲ್ಲಿಟ್ಟು ಜಗಲಿಯ ಅಂಚಿಗೆ ಸರಿಸಿದರು. ನೀರನ್ನು ಮೇಲಿನಿಂದ ಹೊಯ್ದರು. ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಅಪ್ಪ ಅಂಗಳದಲ್ಲಿ ಬಗ್ಗಿ, ಬೊಗಸೆಯೊಡ್ಡಿ ಕುಡಿದರು. ಕೋಟಿನ ತೋಳು ಒದ್ದೆಯಾಯಿತು. ನನ್ನ ಮೈಯೆಲ್ಲ ಉರಿಯಿತು. ಒಂದು ಮಾತು ಬಾಯಿಯವರೆಗೆ ಬಂದಿತ್ತು. ಅಪ್ಪ ನನ್ನತ್ತ ನೋಡಿ, ಬೇಡ ಎನ್ನುವಂತೆ ಸ್ವಲ್ಪವೇ ತಲೆಯಾಡಿಸಿದರು. "ನೀರು ಬಹಳ ಸಿಹಿಯುಂಟು" ಎಂದು ಅಜ್ಜಿಗೆ ಹೇಳಿದರು.

ಆಮೇಲೆ ಕೋಣೆಗೆ ಬಂದರು. ಅಲ್ಲಿ ನೋಡಲಿಕ್ಕೆ ಏನಿತ್ತು? ಚಾಪೆ, ಟ್ರಂಕು, ಸ್ಟೌ, ಗೋಡೆಯಲ್ಲಿ ಶಿಲುಬೆ. ಅಪ್ಪ ಬಾಗಿಲು ಮುಚ್ಚಿ ಒಳಗಿನ ಅಗುಳಿ ಹಾಕಿದರು. ಭುಜ ಕೊಟ್ಟು ತಳ್ಳಿ ನೋಡಿದರು. ಅಗುಳಿ ಅಲುಗಲಿಲ್ಲ. ತೆಗೆದು, ಮತ್ತೆ ಹಾಕಿ, ಮತ್ತೆ ತಳ್ಳಿದರು. ಅಗುಳಿಯಲ್ಲಿ ಒಂದು ಕುಂದು ಸಿಕ್ಕಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು ಎಂದು ನನಗೆ ಆಗಲೇ ಅನ್ನಿಸಿತು. ಕಿಟಕಿಯ ಸರಳುಗಳನ್ನೂ ಹಿಡಿದು ಎಳೆದರು. ಎಲ್ಲವೂ ಗಟ್ಟಿಯಾಗಿತ್ತು.

"ಸರಿ ಉಂಟು" ಎಂದರು.

ಅಷ್ಟೇ. ಕೆಲಸ ನನ್ನದಾಯಿತು, ಸಂಬಂಧದ ಮಾತು ಅಲ್ಲಿಗೆ ನಿಂತಿತು. ಅಪ್ಪ ಒಂದು ಹಳೆಯ ಸಿಟ್ಟಿನ ಮಾತನ್ನಾದರೂ ಆಡಿದ್ದರೆ ನಾನೂ ತಿರುಗಿ ಆಡಿ ಹಗುರಾಗುತ್ತಿದ್ದೆ. ಅವರು ಆಡಲಿಲ್ಲ. ಡಬ್ಬಿಯ ಬಟ್ಟೆ ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡರು.

ರಸ್ತೆಯವರೆಗೆ ಜೊತೆಗೆ ಹೋದೆ. ಕಾರ್ಕಳದ ಬಸ್ಸು ಬರುವುದು ಕಂಡಿತು. "ರಜೆ ಸಿಕ್ಕಿದ ಕೂಡಲೇ ಮನೆಗೆ ಬರುತ್ತೇನೆ ಅಪ್ಪ" ಎಂದೆ.

"ಬಾ. ಬರುವ ಮೊದಲು ಒಂದು ಕಾರ್ಡು ಹಾಕು. ಅಮ್ಮ ಕೋಳಿ ಹಿಡಿದಿಡುತ್ತಾಳೆ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಬಸ್ಸು ಹತ್ತಿ, ಕಿಟಕಿಯಿಂದ ಕೈಯೆತ್ತಿ ಹೋದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಆ ಮಾತು ನನ್ನನ್ನು ಮುಟ್ಟಿತು. ನಮ್ಮ ಮನೆಯಲ್ಲಿ ಕಾರ್ಡು ಬರೆದು ಬರುತ್ತಿದ್ದವರು ನೆಂಟರು. ಕೋಳಿ ಹಿಡಿದಿಡುತ್ತಿದ್ದುದೂ ನೆಂಟರಿಗೇ. ಮನೆಯವರು ಯಾವಾಗ ಬೇಕಾದರೂ ಬಂದು, ಇದ್ದದ್ದನ್ನು ಉಣ್ಣುತ್ತಿದ್ದರು. ನಾನು ಕೋಣೆಗೆ ಹಿಂತಿರುಗಿ, ಅಪ್ಪ ಪರೀಕ್ಷಿಸಿದ್ದ ಆ ಗಟ್ಟಿ ಅಗುಳಿಯನ್ನು ಹಾಕಿಕೊಂಡು, ಅಜ್ಜಿಗೆ ಕೇಳಿದರೆ ಕೇಳಲಿ ಎಂದು ಜೋರಾಗಿ ಅತ್ತೆ.