ಗಿರಣಿ ನಿಂತಾಗಿನ ಪ್ರಾರ್ಥನೆ

ಆಮ್ರಪಾಲಿಯ ಕಂಠದ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಆದದ್ದು ಅದರಿಂದಲೇ. ಅವಳು ನಮ್ಮ ದಡ್ಡಿ ಊರಿನ ಸೊಸೆ, ಧುಪದಾಳದ ಮಗಳು. ತವರುಮನೆ ನದಿಯ ಒಡ್ಡಿನ ಬಾಜೂಕೇ ಇದೆ. ನೀರು ಒಡ್ಡಿನ ಮೇಲಿಂದ ಧುಮುಕುವ ಸದ್ದಿನಲ್ಲಿ ಅಡುಗೆಮನೆಯ ಮಾತು ಪಡಸಾಲೆಗೆ ಮುಟ್ಟಬೇಕೆಂದರೂ ಕೂಗಬೇಕು. ಆ ಮನೆಯವರು ಉಪ್ಪು ಕೊಡು ಎಂದು ಕೇಳಿದರೂ ಹೊಸಬರಿಗೆ ಜಗಳ ಹತ್ತಿದಂತೆ ಅನಿಸುತ್ತದೆ. ಮದುವೆಯಾಗಿ ಬಂದ ಮರುದಿನ ಅವಳು ಅತ್ತೆಯನ್ನು ಚಹಾ ಕುಡಿಯುತ್ತೀರೇನು ಎಂದು ಕೇಳಿದಾಗ ಓಣಿಯ ನಾಲ್ಕು ಮನೆಯವರು ತಮಗೇ ಕರೆ ಬಂತೆಂದು ಎದ್ದು ಬಂದರು. ಇದನ್ನು ನಾನು ಸ್ವಲ್ಪ ಉಬ್ಬಿಸಿ ಹೇಳುತ್ತಿರಬಹುದು. ಎರಡು ಮನೆಯವರು ಬಂದದ್ದಂತೂ ಖರೆ, ಅದರಲ್ಲಿ ಒಂದು ನಮ್ಮದು.

ಗಂಡ ಭೀಮಶಿ ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುವವ. ಮೀನು ಬೆದರಿ ಓಡಬಾರದೆಂದು ದಿನವಿಡೀ ಬಾಯಿ ಮುಚ್ಚಿ ಕೂತು ಅದೇ ಅವನ ಸ್ವಭಾವವಾಗಿಹೋಗಿದೆ. ಅವನಿಗೆ ಹೆಂಡತಿಯ ದನಿ ಭಾರವಾಗಲಿಲ್ಲ. ಭಾರವಾದದ್ದು ಅತ್ತೆಗೆ. ಸಣ್ಣ ದನಿಯಲ್ಲಿ ಮಾತಾಡು, ನಗಬೇಕಾದರೆ ಸೆರಗು ಅಡ್ಡ ಹಿಡಿ ಎಂದು ಹೇಳಿ ಹೇಳಿ ಆ ಹುಡುಗಿಯನ್ನು ಹೊಲಿಗೆ ಮಷಿನ್ನಿನ ಮುಂದೆ ಮೂಕಿ ಮಾಡಿ ಕೂಡಿಸಿದ್ದರು. ಕೆಲವು ವರ್ಷ ಅವಳ ಬಾಯಿಯ ಬದಲು ಮಷಿನ್ನೇ ಮಾತಾಡಿತು.

ನಮ್ಮದು ಸಣ್ಣ ಕ್ರೈಸ್ತ ಸಭೆ. ಹುಕ್ಕೇರಿಯಿಂದ ತಿಂಗಳಿಗೊಮ್ಮೆ ಪಾಸ್ಟರ್ ಬರುತ್ತಾರೆ. ಉಳಿದ ವಾರಗಳನ್ನು ನಡೆಸುವವರು ಹಿರಿಯರಾದ ಸತ್ತೆಪ್ಪನವರು. ಅವರು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಈಗಲೂ ಆರಾಧನೆಯಲ್ಲಿ ಯಾರಾದರೂ ಬಾಗಿಲಲ್ಲಿ ನಿಂತರೆ, ಒಳಗೆ ಸರೀರಿ, ಹಿಂದೆ ಜಾಗ ಐತಿ ಎಂದು ಗೊತ್ತಿಲ್ಲದೆಯೇ ಅನ್ನುತ್ತಾರೆ. ಮಕ್ಕಳ ರವಿವಾರದ ಸಾಲೆಯೂ ಅವರ ಕೈಯಲ್ಲೇ ಇತ್ತು. ಅವರು ವಚನ ಹೇಳುವುದು, ಮಕ್ಕಳು ಬಾಯಿಪಾಠ ಒಪ್ಪಿಸುವುದು, ಮಧ್ಯದಲ್ಲಿ ಎರಡೂ ಕಡೆಯವರು ತೂಕಡಿಸುವುದು. ಕೊನೆಗೆ ಬರುವ ಮಕ್ಕಳೇ ಕಡಿಮೆಯಾದರು. ಅವರ ಮೊಮ್ಮಗಳು ಸುವಾರ್ತಾ ಕೂಡ ಹೊಟ್ಟೆನೋವು ಅಂತ ಶುರು ಮಾಡಿದಾಗ, ಯಾರಾದರೂ ಮಾಡಿಕೊಳ್ಳಿರಿ ಎಂದು ಕೈಬಿಟ್ಟರು. ಆಗ ಎದ್ದು ನಿಂತವಳು ಆಮ್ರಪಾಲಿ. ನಾನು ಮಾಡುತ್ತೇನೆ ಅಂದಳು. ಎಷ್ಟೋ ದಿನದಿಂದ ಒಳಗೇ ಕೂಡಿಟ್ಟ ದನಿ ಅದು. ಪ್ರಾರ್ಥನಾ ಮಂದಿರದ ತಗಡಿನ ಮೇಲೆ ಕೂತ ಪಾರಿವಾಳಗಳೆಲ್ಲ ಹಾರಿದವು.

ಇಂಥ ಗಂಟಲಿನವಳು ಮಂದಿರದಲ್ಲಿ ಸಾಲೆ ನಡೆಸಿದರೆ ತಮ್ಮ ಮಧ್ಯಾಹ್ನದ ನಿದ್ದೆ ಕೆಡುತ್ತದೆ ಎಂದು ಸತ್ತೆಪ್ಪನವರೇ ಬೇರೆ ಜಾಗ ಹುಡುಕಿಕೊಟ್ಟರು. ಅವರ ಮನೆ ಮಂದಿರದ ಹಿಂದೆಯೇ ಇದೆ. ಸಿಕ್ಕ ಜಾಗ ಮೌಲಾಅಲಿಯ ಹಿಟ್ಟಿನ ಗಿರಣಿಗೆ ಹೊಂದಿಕೊಂಡ ಖೋಲಿ. ಮೌಲಾಅಲಿ ಭಿಡೆಯ ಮನುಷ್ಯ, ಮಕ್ಕಳು ಕೂಡಲಿ ಬಿಡಿರಿ ಎಂದು ಜೋಳದ ಚೀಲ ಸರಿಸಿ ಜಾಗ ಮಾಡಿದ. ನಡುವಿನ ಗೋಡೆ ತಗಡಿಗೆ ಮುಟ್ಟುವುದಿಲ್ಲ, ಮೇಲೆ ಕೈ ತೂರುವಷ್ಟು ಸಂದು ಇದೆ. ಅದನ್ನು ಆಗ ಯಾರೂ ಲಕ್ಷ್ಯಕ್ಕೆ ತರಲಿಲ್ಲ.

ಆಮ್ರಪಾಲಿಯ ಪದ್ಧತಿ ಬೇರೆ. ಹಾಡು ಆಗಬೇಕು, ಕಥೆ ಆಗಬೇಕು, ಕೊನೆಗೆ ಪ್ರತಿಯೊಂದು ಮಗುವೂ ತನ್ನದೇ ಪ್ರಾರ್ಥನೆ ಮಾಡಬೇಕು. ದೊಡ್ಡವರು ಕಲಿಸಿದ್ದು ನಡೆಯುವುದಿಲ್ಲ. ಏನು ಬೇಕೋ, ಯಾವುದಕ್ಕೆ ಅಂಜಿಕೆಯೋ ಅದನ್ನೇ ದೇವರಿಗೆ ಹೇಳಬೇಕು. ಗೋಡೆಯ ಆಚೆ ಗಿರಣಿ ಗರ್ ಎನ್ನುತ್ತಿರುತ್ತದಲ್ಲ, ಅದಕ್ಕೆ ಮಕ್ಕಳು ನರ ಉಬ್ಬಿಸಿ ಒದರಿ ಒದರಿ ಪ್ರಾರ್ಥನೆ ಮಾಡುವುದನ್ನು ಕಲಿತವು. ಜಗತ್ತಿನಲ್ಲಿ ಪ್ರಾರ್ಥನೆ ಎಂದರೆ ಹೀಗೇ ಎಂದು ಅವು ತಿಳಿದಿದ್ದವು. ಹಿಂದಿನ ಗೋಡೆಗೆ ಒರಗಿ ಕೂಡುವ ಮುದುಕಿ ನನಗೂ, ಕಿವಿ ಮಂದವಾದ ಈ ವಯಸ್ಸಿನಲ್ಲಿ, ಬಹಳ ಅನುಕೂಲವಾಗಿತ್ತು.

ಆ ರವಿವಾರ ಸುವಾರ್ತಾಳ ಪಾಳಿ. ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಜಡೆ ಹಿಂದಕ್ಕೆ ಎಸೆದು, ಗಿರಣಿಗಿಂತ ಮೇಲೆ ದನಿ ತೆಗೆದಳು. ಅವಳು ಬಾಯಿ ತೆರೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಗಿರಣಿ ಒಮ್ಮೆಲೇ ನಿಂತಿತು. ಆದರೆ ಹುಡುಗಿ ನಿಲ್ಲಲಿಲ್ಲ.

"ದೇವರ, ನಮ್ಮ ಅಜ್ಜನ ಕಾಲಬೆರಳಿನ ಹುಣ್ಣ ಲಗೂನ ಮಾಯಲಿ. ಅವ ಗೋಕಾಕದಿಂದ ತಂದ ಕರದಂಟು ಬೈಬಲ್ ಚೀಲದಾಗ ಐತಿ, ಅದು ನಮ್ಮ ಆಯಿ ಕೈಗೆ ಸಿಗದಂಗ ನೋಡ್ಕೊ. ನನಗೂ ಒಂದ್ ತುಂಡು ಕೊಟ್ಟಾನ, ಅದಕ್ಕ ನಾ ಯಾರಿಗೂ ಹೇಳಿಲ್ಲ. ನಿನಗಷ್ಟ ಹೇಳಾಕತ್ತೇನಿ. ಆಮೆನ್."

ಸತ್ತೆಪ್ಪನವರಿಗೆ ಸಕ್ಕರೆ ಬೇನೆ. ಹುಣ್ಣು ಮಾಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಹುಡುಗಿಯ ಆಯಿ, ಅಂದರೆ ಅವರ ಹೆಂಡತಿ ಉದ್ದವ್ವ, ಮನೆಯಲ್ಲಿ ಬೆಲ್ಲದ ಡಬ್ಬಿಗೂ ಕೀಲಿ ಹಾಕಿದ್ದಳು. ಆ ಉದ್ದವ್ವ ಅದೇ ಹೊತ್ತಿಗೆ ಗೋಡೆಯ ಆಚೆ ಜೋಳದ ಬುಟ್ಟಿ ಮುಂದಿಟ್ಟುಕೊಂಡು ಪಾಳಿ ಹಚ್ಚಿ ಕೂತಿದ್ದಳು. ಬಾಜೂಕೆ ಕೂತಿದ್ದ ಸಾಯಿರಾಬಿ, ಮೌಲಾಅಲಿಯ ಹೆಂಡತಿ, ನನಗೆ ಆಮೇಲೆ ಹೇಳಿದಳು. ಉದ್ದವ್ವ ಸೆರಗು ಕೊಡವಿ ಎದ್ದು, ಬುಟ್ಟಿ ಅಲ್ಲೇ ಬಿಟ್ಟು, ಮನೆಗೆ ಹೋದಳಂತೆ. ಬೈಬಲ್ ಚೀಲ ಬರಿದಾಯಿತು. ಅಂದಿನಿಂದ ಸತ್ತೆಪ್ಪನವರು ಎಲ್ಲಿಗೆ ಹೊರಟರೂ ಹೊಸ್ತಿಲಲ್ಲಿ ಜಡತಿ. ಒಂದು ಕಾಲದಲ್ಲಿ ಅವರು ಪ್ರಯಾಣಿಕರ ಟಿಕೆಟ್ ತಪಾಸು ಮಾಡುತ್ತಿದ್ದಷ್ಟೇ ಶ್ರದ್ಧೆಯಿಂದ ಆಕೆ ಅವರ ಕಿಸೆ ತಪಾಸು ಮಾಡತೊಡಗಿದಳು.

ಸುದ್ದಿ ಊರೆಲ್ಲ ಓಡಾಡಿತು. ಮುಂದಿನ ರವಿವಾರ ಗಿರಣಿಯಲ್ಲಿ ನಿಲ್ಲಲು ಜಾಗವಿಲ್ಲ. ವಾರದ ನಡುವೆ ಬೀಸಿಸಿಕೊಂಡು ಹೋದವರೂ ಸೇರು ಜೋಳ ಹಿಡಿದು ಬಂದಿದ್ದರು. ಮಕ್ಕಳು ಪ್ರಾರ್ಥನೆಗೆ ಕಣ್ಣು ಮುಚ್ಚಿದ ಕೂಡಲೇ ಮತ್ತೆ ಕರೆಂಟ್ ಹೋಯಿತು. ಅದರ ಮುಂದಿನ ವಾರವೂ ಅದೇ ಹೊತ್ತಿಗೆ ಹೋಯಿತು. ಎದುರಿನ ಚಹಾದ ಅಂಗಡಿಯಲ್ಲಿ ಮಾತ್ರ ಫ್ಯಾನು ತಿರುಗುತ್ತಲೇ ಇತ್ತು. ನಾನು ಮೌಲಾಅಲಿಯನ್ನು ಕೇಳಿದೆ. ಅವನು ಹಿಟ್ಟು ಮೆತ್ತಿದ ಹುಬ್ಬು ಮೇಲೇರಿಸಿ, ಆ ಅಂಗಡಿಯ ಲೈನು ಬೇರೆ ಇರಬೇಕು ನೋಡ್ರಿ ಅಂದ.

ಇದರಿಂದ ಮಜಾ ಆಯಿತು, ತ್ರಾಸೂ ಆಯಿತು. ಸೊಸೆಯಂದಿರು ಶಾಣ್ಯಾರು. ಅತ್ತೆಯ ಎದುರು ಆಡಲಾಗದ್ದನ್ನು ಮಕ್ಕಳ ಬಾಯಿಗೆ ತುರುಕಿ ಕಳಿಸತೊಡಗಿದರು. ಮೂಡಲಗಿಯ ಕಡೆಯ ಒಬ್ಬ ಸೊಸೆಯ ಮಗ ಎದ್ದು ನಿಂತು, ದೇವರೇ, ನಮ್ಮ ತಾಯಿಯನ್ನು ಪಂಚಮಿಗಾದರೂ ತವರಿಗೆ ಕಳಿಸುವ ಬುದ್ಧಿಯನ್ನು ಕೆಲವರಿಗೆ ದಯಪಾಲಿಸು ಎಂದು ಶುರು ಮಾಡಿದ. ನಮ್ಮ ಸಭೆಯಲ್ಲಿ ಪಂಚಮಿ ಮಾಡುವುದಿಲ್ಲ, ಆದರೆ ಪಂಚಮಿಗೆ ತವರಿಗೆ ಹೋಗುವುದನ್ನು ಯಾವ ಹೆಣ್ಣುಮಗಳೂ ಬಿಟ್ಟಿಲ್ಲ. ಆಮ್ರಪಾಲಿ ಅವನನ್ನು ಅರ್ಧಕ್ಕೇ ತಡೆದಳು. ದಯಪಾಲಿಸು ಅನ್ನುವ ಮಾತು ನಿನ್ನ ಬಾಯಿಗೆ ದೊಡ್ಡದು, ಇದು ನಿನ್ನದಲ್ಲ, ನಿನ್ನದು ಹೇಳು ಅಂದಳು. ಹುಡುಗ, ಅವ್ವ ಹೋದರೆ ನನ್ನನ್ನು ಬಿಟ್ಟು ಹೋಗದಿರಲಿ ಅಂದ. ಆಚೆಯ ಪಾಳಿಯಲ್ಲಿ ನಗಲು ತಯಾರಾಗಿದ್ದವರು ನಗಲಿಲ್ಲ.

ಆದರೆ ಸತ್ತೆಪ್ಪನವರ ಹೊಟ್ಟೆಯ ಬೆಂಕಿ ಆರಿರಲಿಲ್ಲ. ಪಾಸ್ಟರಿಗೆ ಫೋನ್ ಹಚ್ಚಿ ದೂರು ಹೇಳಿದರು. ಮಕ್ಕಳ ಪ್ರಾರ್ಥನೆ ಊರಿಗೆ ತಮಾಷೆಯಾಗಿದೆ, ಮನೆಯ ಗುಟ್ಟು ಬೀದಿಗೆ ಬರುತ್ತಿದೆ, ಸಾಲೆ ಮತ್ತೆ ನನ್ನ ಕೈಗೆ ಬರಬೇಕು ಎಂದರು. ಪಾಸ್ಟರು, ನಾನೇ ಬಂದು ನೋಡಿ ತೀರ್ಮಾನ ಮಾಡುತ್ತೇನೆ ಅಂದರು. ಸತ್ತೆಪ್ಪನವರು ಅದನ್ನು ಆಮ್ರಪಾಲಿಗೆ ಮುಟ್ಟಿಸಿ, ತಮ್ಮದೊಂದು ಸೇರಿಸಿದರು.

"ಅವತ್ತ ಹುಡುಗೂರು ಮನಸಿನ್ಯಾಗ ಪ್ರಾರ್ಥನಿ ಮಾಡ್ಬೇಕು. ಪಿಟ್ಟ್ ಅನ್ನೂಹಂಗಿಲ್ಲ. ಆಗೂದಿಲ್ಲ ಅಂದ್ರ ಖೋಲಿ ಕೀಲಿ ನನ್ನ ಕೈಯಾಗ ಇಡು."

ಶನಿವಾರ ಸಂಜೆ ಆಮ್ರಪಾಲಿ ನನ್ನ ಕಟ್ಟೆಗೆ ಬಂದು ಕೂತಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ, ಅದೂ ಎರಡು ಸಲ ಹೇಳಿಸಿಕೊಂಡು.

"ದೊಡ್ಡವ್ವ, ಮತ್ತ ಮಷಿನ್ ಮುಂದ ಮೂಕಿ ಆಗಿ ಕೂಡೂದು ನನಗೇನ್ ಹೊಸಾದಲ್ರಿ, ಕೂಡ್ತೇನಿ. ಆದ್ರ ಈ ಹುಡುಗೂರಿಗೆ ದೇವರು ಕೇಳ್ತಾನ ಅಂತ ಖರೇನ ಅನಿಸೇತ್ರಿ. ಬಾಯಿ ಮುಚ್ಚಿಸಿದ್ರ ಅದ ಹೋಗಿಬಿಡ್ತೈತಿ ಅಂತ ನನಗ ಅಂಜಿಕಿ."

ಹೋಗು, ಬೇಳೆ ಒಲೆಯ ಮೇಲಿಟ್ಟು ಬಂದಿದ್ದೀ, ಸೀದ ವಾಸನೆ ಇಲ್ಲಿಗೇ ಬರುತ್ತಿದೆ ಎಂದು ಕಳಿಸಿದೆ. ಅವಳು ಹೋದ ಮೇಲೆ ಮಾತ್ರ ಅಲ್ಲೇ ಕೂತು, ನನ್ನ ಪದ್ಧತಿಯಲ್ಲಿ, ದೇವರ ಜೊತೆ ಸ್ವಲ್ಪ ಜಗಳಾಡಿದೆ.

ಮರುದಿನ ಪಾಸ್ಟರು ಮೋಟರಸೈಕಲ್ ಮೇಲೆ ಬಂದರು. ಎಳೆಯ ಮನುಷ್ಯ. ಕುರ್ಚಿ ಇಲ್ಲದ್ದಕ್ಕೆ ಜೋಳದ ಚೀಲದ ಮೇಲೆ ಕೂತರು. ಸತ್ತೆಪ್ಪನವರು ಬೂಟು ಹಾಕಿಕೊಂಡು, ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತರು. ಒಳಗೆ ಸರೀರಿ, ಹಿಂದೆ ಜಾಗ ಐತಿ ಎಂದು ನಾನೇ ಅಂದೆ. ಅವರು ನನ್ನ ಕಡೆ ನೋಡಲಿಲ್ಲ.

ಹಾಡಾಯಿತು, ಕಥೆಯಾಯಿತು. ಇವತ್ತು ಎಲ್ಲರೂ ಮನಸ್ಸಿನಲ್ಲೇ ಪ್ರಾರ್ಥನೆ ಮಾಡೋಣ ಎಂದು ಆಮ್ರಪಾಲಿ ಹೇಳಿದಳು. ಮಕ್ಕಳು ಮುಖ ಮುಖ ನೋಡಿಕೊಂಡು ಕಣ್ಣು ಮುಚ್ಚಿದವು. ಆಚೆ ಗಿರಣಿ ನಿಂತಿತು, ನಿಲ್ಲಲೇಬೇಕಲ್ಲ. ಇಷ್ಟು ಹೆಂಗಸರು ಒಂದೇ ಕಡೆ ಇಷ್ಟು ಸುಮ್ಮನೆ ಕೂತದ್ದನ್ನು ದಡ್ಡಿ ಯಾವತ್ತೂ ಕಂಡಿರಲಿಕ್ಕಿಲ್ಲ. ಈಚೆ ಮಕ್ಕಳ ತುಟಿ ಅಲ್ಲಾಡುತ್ತಿವೆ, ದನಿ ಇಲ್ಲ. ಒಬ್ಬ ಹುಡುಗ ಮಾತು ಹೊರಬೀಳಬಾರದೆಂದು ಉಸಿರನ್ನೇ ಹಿಡಿದು ಟೊಮೆಟೊ ಹಣ್ಣಿನಂತಾಗಿದ್ದ. ಸುವಾರ್ತಾ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದಳು. ಆಮ್ರಪಾಲಿ ಕಣ್ಣು ಮುಚ್ಚಿರಲಿಲ್ಲ. ಒಂದೊಂದೇ ಮಗುವಿನ ಮುಖವನ್ನು, ಇದೇ ಕೊನೆ ಎನ್ನುವಂತೆ, ನೋಡುತ್ತಿದ್ದಳು.

ಆಗ ಗೋಡೆಯ ಮೇಲಿನ ಸಂದಿನಿಂದ ಕುರುಬರ ಮಾಯವ್ವನ ದನಿ ಬಂತು. ಅವಳದೊಂದು ಟಗರು ಕುಂಟುತ್ತಿತ್ತು, ಹಿಂದಿನ ವಾರ ಅದಕ್ಕಾಗಿ ಪ್ರಾರ್ಥನೆ ಮಾಡಲು ಮಕ್ಕಳಿಗೆ ಹೇಳಿದ್ದಳು.

"ಏನ್ರವಾ, ನನ್ನ ಟಗರಿಂದು ಹೇಳಿದ್ರೋ ಇಲ್ಲೋ? ನಮಗ ಏನೂ ಕೇಳವಲ್ದು."

ಅದರ ಬೆನ್ನಿಗೇ ಉದ್ದವ್ವ. "ಮಕ್ಕಳ ಬಾಯಿಗೆ ಯಾರ ಕೀಲಿ ಹಾಕಿದವರು? ಸುವಾರ್ತಾ, ನಿಮ್ಮಜ್ಜನ ಬೆರಳ ಮಾಯ್ದೈತಿ. ಅದನ್ನರ ದೇವರಿಗೆ ಹೇಳಬೇ."

ಪಾಸ್ಟರು ಕಣ್ಣು ಬಿಟ್ಟು, ಯಾರ ಬೆರಳು ಎಂದು ಕೇಳಿದರು. ಎಲ್ಲ ಮಕ್ಕಳೂ ಬಾಗಿಲ ಕಡೆ ನೋಡಿದವು. ಸತ್ತೆಪ್ಪನವರು ಬೂಟಿನ ಕಾಲನ್ನು ಹಿಂದಕ್ಕೆ ಸರಿಸಿದರು. ಪಾಸ್ಟರು ಎದ್ದು ಹೋಗಿ, ತೋರಿಸಿರಿ ಹಿರಿಯರೇ ಎಂದು ಬಹಳ ವಿನಯದಿಂದ ಕೇಳಿದರು. ಬೇರೆ ದಾರಿ ಇರಲಿಲ್ಲ. ಬೂಟು ಕಳಚಿತು, ಕಾಲುಚೀಲ ಕಳಚಿತು. ಮಕ್ಕಳು ಅವರ ಕಾಲ ಸುತ್ತ ಕುಕ್ಕರಗಾಲಿನಲ್ಲಿ ಕೂತವು. ತಿಂಗಳುಗಟ್ಟಲೆ ಕಾಡಿದ ಹುಣ್ಣಿನ ಜಾಗದಲ್ಲಿ ಹೊಸ ಚರ್ಮ, ತೆಳ್ಳಗೆ, ಕೆಂಪಗೆ. ಕರದಂಟು ನಿಂತ ಮೇಲೆ ಅದು ಮಾಯ್ದಿತ್ತು. ಮಾಯ್ದದ್ದನ್ನು ಅವರು ಹೆಂಡತಿಯ ಹೊರತು ಯಾರಿಗೂ ಕಾಣಗೊಟ್ಟಿರಲಿಲ್ಲ, ಒಪ್ಪಿಕೊಂಡರೆ ಸೋತಂತಾಗುತ್ತದಲ್ಲ.

ಸುವಾರ್ತಾ ಬಾಯಿಯಿಂದ ಕೈ ತೆಗೆದಳು. "ಅಕ್ಕೋರ, ದೇವರು ಅರ್ಧಾ ಅಷ್ಟ ಕೇಳ್ಯಾನ್ರಿ. ಬೆರಳ ಮಾಯಿಸಿದ. ಕರದಂಟಿಂದು ಕೇಳ್ಲಿಲ್ಲ."

"ಎರಡೂ ಕೇಳ್ಯಾನವಾ," ಅಂದಳು ಆಮ್ರಪಾಲಿ. "ಒಂದಕ್ಕ ಹೂಂ ಅಂದ, ಒಂದಕ್ಕ ಊಂಹೂಂ ಅಂದ."

ಪಾಸ್ಟರಿಗೆ ನಗು ತಡೆಯಲಾಗಲಿಲ್ಲ. ಆಚೆಯವರೂ ನಕ್ಕರು. ಸತ್ತೆಪ್ಪನವರು ಕಾಲುಚೀಲ ಏರಿಸಿಕೊಳ್ಳುತ್ತ ತಲೆ ಬಗ್ಗಿಸಿಯೇ ಇದ್ದರು, ಏಳಲು ಬಹಳ ಹೊತ್ತು ತೆಗೆದುಕೊಂಡರು. ಇನ್ನು ದೂರು ಯಾರ ಮೇಲೆ ಹಿರಿಯರೇ ಎಂದು ಪಾಸ್ಟರು ಕೇಳಿದಾಗ ಮೂಗು ಒರೆಸಿಕೊಂಡು, ಸಾಲೆ ಆಕೆಯ ಕೈಯಲ್ಲೇ ಇರಲಿ ಅಂದರು. ಜೋರಾಗಿಯೇ ಪ್ರಾರ್ಥನೆ ಮಾಡಲಿ. ಆದರೆ ಒಂದು ಕರಾರು, ಯಾರ ಹೆಸರೂ ಹೇಳಬಾರದು, ಯಾರ ಅಜ್ಜ ಯಾರ ಅತ್ತೆ ಅನ್ನಬಾರದು. ಆಮ್ರಪಾಲಿ ಆಗಲಿ ಎಂದಳು. ತಗಡು ಝಲ್ಲೆಂದಿತು. ಕೀಲಿ ಅವಳ ಸೊಂಟದಲ್ಲೇ ಉಳಿಯಿತು.

ಮುಂದಿನ ರವಿವಾರ ಮಾಯವ್ವನ ಟಗರು ಇನ್ನೂ ಕುಂಟುತ್ತಿತ್ತು, ಅದಕ್ಕೂ ಪ್ರಾರ್ಥನೆ ನಡೆಯಿತು. ಕರಾರನ್ನು ಮಕ್ಕಳು ಚಾಚೂ ತಪ್ಪದೆ ಪಾಲಿಸಿದವು. ಮತ್ತೆ ಸುವಾರ್ತಾಳ ಪಾಳಿ ಬಂತು. ಗಿರಣಿ ನಿಂತಿತು, ಎದುರಿನ ಅಂಗಡಿಯ ಫ್ಯಾನು ತಿರುಗುತ್ತಿತ್ತು. ಹುಡುಗಿ ಜಡೆ ಹಿಂದಕ್ಕೆ ಎಸೆದಳು.

"ದೇವರ, ಒಬ್ಬ ಅಜ್ಜ ಅದಾನ. ಹೆಸರ ಹೇಳಂಗಿಲ್ಲ. ಮೊದಲ ಬಸ್ಸಿನ್ಯಾಗ ಟಿಕೀಟ ಹರೀತಿದ್ದ. ಅವನ ಬೆರಳ ಮಾಯಿಸಿದ್ದಕ್ಕ ನಿನಗ ಸ್ತೋತ್ರ. ಈಗ ಅವ ಛತ್ರಿ ಒಳಗ ಏನೋ ಕಟ್ಟಿ ಇಟ್ಟಾನ. ಅದಕ್ಕೂ ಊಂಹೂಂ ಅನ್ನು. ಆಮೆನ್."

ಆಚೆ ಬುಟ್ಟಿಯೊಂದನ್ನು ಧೊಪ್ಪನೆ ನೆಲಕ್ಕಿಟ್ಟ ಸದ್ದಾಯಿತು. ಉದ್ದವ್ವ ಎದ್ದಳು ಎಂದು ನನಗೆ ಕಣ್ಣು ಬಿಡುವ ಮೊದಲೇ ತಿಳಿಯಿತು. ಆಮ್ರಪಾಲಿ ಸೆರಗು ಅಡ್ಡ ಹಿಡಿಯದೆ ನಕ್ಕಳು, ಹಿಡಕಲ್ಲಿನ ಮೀನಿಗೂ ಕೇಳಿರಬೇಕು.