ಗುಳಿಗೆ ಕೊಟ್ಟವರು ಗಾಳಿ ಕೊಡಲಿಲ್ಲ

ಆಗಷ್ಟೇ ಬೆಳಕು ಹರಿಯುತ್ತಿದೆ. ಚಪ್ಪಲಿ ಕಾರ್ಖಾನೆಯ ನೆಲಮಾಳಿಗೆಯಲ್ಲಿ ತಗಡಣ್ಣ ಏಣಿಯ ತುದಿಯಲ್ಲಿ ನಿಂತಿದ್ದಾರೆ. ಬೋರಲು ಹಾಕಿದ ಬೋಗುಣಿಯಂಥ ದೊಡ್ಡ ತಗಡಿನ ಮುಚ್ಚಿಗೆಯನ್ನು ತಲೆಯಲ್ಲೇ ಒತ್ತಿ ಹಿಡಿದು, ಎರಡೂ ಕೈಯಿಂದ ತಿರುಪು ಬಿಗಿಯುತ್ತಿದ್ದಾರೆ. ಅಂಟಿನ ಡಬ್ಬಿಗಳಿನ್ನೂ ತೆರೆದಿಲ್ಲ. ಆದರೂ ನಿನ್ನೆಯ ಸಿಹಿ ಘಾಟು ಗೋಡೆ ಬಿಟ್ಟು ಕದಲಿಲ್ಲ. ಏಣಿ ಹಿಡಿದ ಕಾವಲುಗಾರ ಏನೋ ಕೇಳುತ್ತಾನೆ. ತಗಡಣ್ಣ ತುಟಿಯಲ್ಲಿ ಕಚ್ಚಿಕೊಂಡ ತಿರುಪುಗಳನ್ನು ಅಂಗೈಗೆ ಉಗಿಯುತ್ತಾರೆ. "ಬಾಯಲ್ಲಿ ಇದಿದ್ದಾಗ ಮಾತಾಡಿಸ್ಬೇಡ ಮಾರಾಯ. ನುಂಗಿಬಿಟ್ರೆ ಹೊರಗೆಳೆಯೋ ಪೈಪು ನಾನಿನ್ನೂ ಮಾಡಿಲ್ಲ."

ಅವರ ಕೆಲಸವೇ ಹೊರಗೆಳೆಯುವುದು. ಚಪ್ಪಲಿಗೆ ಅಟ್ಟೆ ಅಂಟಿಸುವ ಮೇಜಿನ ಮೇಲೆ ತಗಡಿನ ಮುಚ್ಚಿಗೆ ಕೂರಿಸಿ, ಅದಕ್ಕೆ ಕೊಳವೆ ಜೋಡಿಸಿ, ಕೊಳವೆಯ ಬಾಯಿಗೆ ಫ್ಯಾನು ಕಟ್ಟಿ, ಘಾಟನ್ನು ಸೂರಿನ ಮೇಲಕ್ಕೆ ಅಟ್ಟುತ್ತಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ. ತಗಡು ಬಡಿದೂ ಬಡಿದೂ ಕಿವಿ ಅರ್ಧ ಮಂದವಾಗಿದೆ. "ಒಳ್ಳೇದೇ ಆಯ್ತು, ಮಾಲೀಕರ ಬೈಗುಳ ಅರ್ಧವೇ ಕೇಳ್ಸೋದು" ಎಂದು ನಗುತ್ತಾರೆ.

ನಗು ಅಕ್ಕನ ಮಾತು ಬರುವ ತನಕ. ತಾಯಿ ಸತ್ತ ಮೇಲೆ ಇವರನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಅಕ್ಕ. ಇಂಥದ್ದೇ ನೆಲಮಾಳಿಗೆಯಲ್ಲಿ ಅಂಟಿನ ಕುಂಚ ಹಿಡಿದು ಹರೆಯ ಕಳೆದಳು. ಮೊದಲು ಮೂಗು ಹೋಯಿತು. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗದು. ಆಮೇಲೆ ಕೈ ನಡುಗಿತು. ಒಂದು ಸಂಜೆ, ಹುಟ್ಟಿ ಬೆಳೆದ ಬೀದಿಯ ತಿರುವಿನಲ್ಲೇ ನಿಂತು, ಮನೆ ಯಾವ ಕಡೆ ಎಂದು ಸೊಪ್ಪು ಮಾರುವವಳನ್ನು ಕೇಳಿದಳು. ಸುಸ್ತಿರಬೇಕು, ರಜೆ ತಗೋ ಎಂದು ಕಾರ್ಖಾನೆ ಕಳಿಸಿಕೊಟ್ಟಿತು. ಆ ರಜೆ ಇನ್ನೂ ಮುಗಿದಿಲ್ಲ.

ಅಕ್ಕನನ್ನು ನೋಡುವ ಡಾಕ್ಟರಮ್ಮ ತಗಡಣ್ಣನಿಗೆ ಅರ್ಥವಾಗುವ ಹಾಗೆ ಹೇಳಿದ್ದಾರೆ. ಅಂಟಿನ ಆವಿ ಉಸಿರಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಅಲ್ಲಿನ ಜೀವಕೋಶಗಳು ಸವೆಯುತ್ತವೆ. ಸಿ, ಇ ವಿಟಮಿನ್‌ಗಳು ಈ ತುಕ್ಕನ್ನು ಒಂದಿಷ್ಟು ತಡೆಯುತ್ತವೆಂದು ಪ್ರಯೋಗಶಾಲೆಯ ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಎಷ್ಟು ತಡೆಯುತ್ತವೋ ಖಚಿತವಿಲ್ಲ. "ಮಾತ್ರೆ ತಗೊಳ್ಳಲಿ, ಹಣ್ಣು ತಿನ್ನಲಿ. ಆದ್ರೆ ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಮೊದಲು ವಿಷ ಮೂಗಿನಿಂದ ದೂರ ಆಗ್ಬೇಕು" ಎಂದರು ಆಕೆ.

ಈ ಮಾತಿನಲ್ಲಿ ಮಾತ್ರೆಯ ತುಂಡನ್ನಷ್ಟೇ ಕತ್ತರಿಸಿ ಕಾರ್ಖಾನೆಗಳು ಜೇಬಿಗಿಳಿಸಿವೆ. ಈ ನೆಲಮಾಳಿಗೆಯ ಗೋಡೆಯಲ್ಲೂ ಬಣ್ಣದ ಬೋರ್ಡಿದೆ: 'ನಿಮ್ಮ ಮೆದುಳಿನ ರಕ್ಷಣೆ ನಮ್ಮ ಹೊಣೆ.' ಅದರ ಕೆಳಗೆ ಮಾತ್ರೆಯ ಡಬ್ಬಿ. ಬೆಳಿಗ್ಗೆ ಮೇಸ್ತ್ರಿ ಅಂಟು ಹಚ್ಚುವ ಪ್ರತಿಯೊಬ್ಬ ಹೆಂಗಸಿನ ಅಂಗೈಗೂ ಒಂದೊಂದು ಹಾಕುತ್ತಾನೆ, ಮೀನಿಗೆ ಕಾಳು ಎಸೆದಂತೆ. ಮಾತ್ರೆ ನುಂಗಿದವಳು ಎಂಟು ಗಂಟೆ ವಿಷ ಉಸಿರಾಡಬೇಕು. ಮನೆಗೆ ಬೆಂಕಿ ಹಚ್ಚಿ, ಒಳಗಿದ್ದವರಿಗೆ ಸುಟ್ಟಗಾಯದ ಮುಲಾಮು ಹಂಚುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ತಗಡಣ್ಣ ಹಿಂದೆಯೇ ಇಲ್ಲಿ ಫ್ಯಾನು ಕಟ್ಟಿಕೊಟ್ಟಿದ್ದರು. ತಪಾಸಣೆಯವರು ಬಂದಾಗ ಮಾತ್ರ ಅದು ತಿರುಗುತ್ತದೆಂದು ಅಂಟಿನ ಮೇಜಿನಲ್ಲಿ ಎಲ್ಲರೂ ಹಿರಿಯಕ್ಕ ಎಂದು ಕರೆಯುವಾಕೆ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಹೇಳದೆ ಕೇಳದೆ ಬಂದು ನೋಡಿದರೆ, ರೆಕ್ಕೆಯಿಂದ ರೆಕ್ಕೆಗೆ ಜೇಡ ಸಂಸಾರ ಹೂಡಿತ್ತು.

"ಗಾಳಿ ಬೀಸಿದ್ರೆ ಅಂಟು ಬೇಗ ಒಣಗುತ್ತೆ, ಮಾಲು ಕೆಡುತ್ತೆ," ಎಂದ ಮೇಸ್ತ್ರಿ. "ಅದಕ್ಕೇ ಎಲ್ರಿಗೂ ವಿಟಮಿನ್ ಕೊಡ್ತಿದ್ದೀವಲ್ಲ?"

"ನಿಮ್ಮ ಮಗಳನ್ನ ಇಲ್ಲಿ ಕೂರಿಸ್ತೀರಾ? ಬೇಕಾದ್ರೆ ಎರಡು ಮಾತ್ರೆ ಜಾಸ್ತಿ ಕೊಡಿ."

ಮೇಸ್ತ್ರಿ ಮಾತ್ರೆ ಡಬ್ಬಿಯ ಮುಚ್ಚಳ ಬಿಗಿಮಾಡಿ ಮೆಟ್ಟಿಲು ಹತ್ತಿದ.

ಈಗ ಮತ್ತೆ ತಪಾಸಣೆ ಹತ್ತಿರ ಬಂದಿದೆ. ಇನ್ನೂ ದೊಡ್ಡ ಮುಚ್ಚಿಗೆ ಹಾಕಿಸಿ ಕಣ್ಣಿಗೆ ಮಣ್ಣೆರಚೋಣವೆಂದು ಮಾಲೀಕರೇ ತಗಡಣ್ಣನನ್ನು ಕರೆಸಿದ್ದಾರೆ. ಅವರು ಕೇಳಿದ್ದು ಮುಚ್ಚಿಗೆ ಮಾತ್ರ. ತಗಡಣ್ಣ ಜೊತೆಗೆ ವೈರೂ ಬದಲಿಸಿದ್ದಾರೆ: ದೀಪಕ್ಕೂ ಫ್ಯಾನಿಗೂ ಈಗ ಒಂದೇ ಸ್ವಿಚ್ಚು. ಕಿಟಕಿಯಿಲ್ಲದ ಕೋಣೆ; ದೀಪವಿಲ್ಲದೆ ಇಲ್ಲಿ ಕೆಲಸ ನಡೆಯದು.

ಕೆಲಸ ಮುಗಿಯುವಷ್ಟರಲ್ಲಿ ಮಾಲೀಕರು ಇಳಿದು ಬರುತ್ತಾರೆ. ಫ್ಯಾನಿನ ಸದ್ದು ಕೇಳಿ ಸ್ವಿಚ್ಚು ಆರಿಸುತ್ತಾರೆ. ಕಗ್ಗತ್ತಲು. ಹಾಕುತ್ತಾರೆ; ಬೆಳಕೂ ಬಂತು, ಗಾಳಿಯೂ ಬಂತು.

"ಏನಿದು? ಬೇರೆ ಬೇರೆ ಮಾಡು."

"ಆಗಲ್ಲ ಸಾರ್."

"ನಿನ್ನನ್ನ ಓಡಿಸಿ ಬೇರೆಯವನನ್ನ ಕರೆಸ್ತೀನಿ!"

ಅಷ್ಟರಲ್ಲಿ ಹೆಂಗಸರು ಮೆಟ್ಟಿಲ ಮೇಲೆ ಬಂದು ನಿಂತಿದ್ದಾರೆ. ಹಿರಿಯಕ್ಕ ಎಲ್ಲರಿಗಿಂತ ಮುಂದೆ. "ಕರೆಸಿ ಸಾರ್," ಎನ್ನುತ್ತಾಳೆ ಸೆರಗು ಬಿಗಿದು. "ಅವ್ರು ಬಂದು ಬಿಚ್ಚೋ ತನಕ ನಾವು ಮೇಲೆ ಬೀದೀಲಿ ಕೂತಿರ್ತೀವಿ. ಬಿಚ್ಚಿದ್ಮೇಲೂ ಅಲ್ಲೇ ಕೂತಿರ್ತೀವಿ."

ಸಂಜೆಗೆ ಮಾಲು ಲಾರಿ ಹತ್ತಬೇಕು. ಮಾಲೀಕರು ಹೆಂಗಸರನ್ನು ನೋಡುತ್ತಾರೆ, ಡಬ್ಬಿಗಳನ್ನು ನೋಡುತ್ತಾರೆ, ಬಂದ ದಾರಿಯಲ್ಲೇ ಧಡಧಡ ಮೇಲೆ ಹತ್ತಿ ಹೋಗುತ್ತಾರೆ. ಡಬ್ಬಿಗಳು ತೆರೆಯುತ್ತವೆ. ಮುಚ್ಚಿಗೆ ಘಾಟನ್ನು ಎಳೆದುಕೊಳ್ಳುತ್ತದೆ. ಮೇಜಿನ ತುದಿಯಲ್ಲಿ ಕೂತ ಒಬ್ಬಾಕೆ ಮೂಗಿಗೆ ಕಟ್ಟಿದ ಬಟ್ಟೆಯನ್ನು ಅಳುಕುತ್ತಲೇ ಇಳಿಸಿ ಒಮ್ಮೆ ಉಸಿರೆಳೆದು ನೋಡುತ್ತಾಳೆ.

ಉಸಿರಾಡುವ ಗಾಳಿಗಾಗಿ ಒಬ್ಬ ತಗಡಿನವನು ಹೀಗೆ ಕಳ್ಳದಾರಿ ಹುಡುಕಬೇಕೇ? ತಪಾಸಣೆ ಮಾಡುವವರು ಕುರ್ಚಿಯಲ್ಲಿ ಕೂತು ಏನು ಮಾಡುತ್ತಿದ್ದಾರೆ? ಬೋರ್ಡು ಓದಿ ಸಂತೋಷಪಡುತ್ತಿದ್ದಾರೆಯೇ?

ಸಂಜೆ ಮನೆಗೆ ಬಂದರೆ ಅಕ್ಕ ಹೊಸ್ತಿಲಲ್ಲೇ ಕೂತಿದ್ದಾಳೆ. ತಡವಾಯಿತೆಂದು ತಮ್ಮನ ಮೇಲೆ ಹರಿಹಾಯುತ್ತಾಳೆ. "ಹೊತ್ತು ಗೊತ್ತಿಲ್ವಾ ನಿಂಗೆ? ನೀನೊಬ್ಬ..." ಎಂದು ಅಲ್ಲೇ ತಡವರಿಸುತ್ತಾಳೆ. ಬೈಗುಳ ಸಿಗುತ್ತಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತಾಳೆ.

"ದಂಡಪಿಂಡ," ಎಂದು ತಗಡಣ್ಣ ಮೆಲ್ಲಗೆ ನೆನಪಿಸುತ್ತಾರೆ.

"ಹಾಂ, ದಂಡಪಿಂಡ!" ಅಕ್ಕನಿಗೆ ಸಮಾಧಾನ.

ಮಾಲೀಕರಿಗೆ ಇನ್ನೂ ಎರಡು ನೆಲಮಾಳಿಗೆಗಳಿವೆ. ಅಲ್ಲಿಗೆ ಕಾಲಿಡಬೇಡವೆಂದು ಆಗಲೇ ಹೇಳಿಕಳಿಸಿದ್ದಾರೆ. ತಗಡಣ್ಣ ಅಕ್ಕನ ಪಕ್ಕ ಕೂತು ಕಿತ್ತಳೆ ಸುಲಿಯುತ್ತಾರೆ, ಒಂದೊಂದೇ ತೊಳೆ ಅವಳ ಕೈಗಿಡುತ್ತಾರೆ. "ನಂಗೇನೂ ದೊಡ್ಡ ಆಸೆ ಇಲ್ಲ. ಆ ಎರಡು ಬಾಗಿಲು ನಂಗೆ ತೆಗೆದ್ರೆ ಸಾಕು. ಅಲ್ಲಿ ಕೂತಿರೋವ್ರೂ ಯಾರಿಗೋ ಅಕ್ಕಂದಿರೇ."